ಮನೆಗೂ ದುಡಿಮೆಗೂ ನಡುವಿನ ದಾರಿ

ಒಂದು ಸಣ್ಣ ಲೆಕ್ಕ ಮಾಡಿ ನೋಡಿ. ನಿಮ್ಮ ಮನೆಯ ಹೊಸ್ತಿಲಿನಿಂದ ನೀರಿನ ನಲ್ಲಿಗೆ ಎಷ್ಟು ದೂರ? ನ್ಯಾಯಬೆಲೆ ಅಂಗಡಿಗೆ ಎಷ್ಟು? ಮಕ್ಕಳ ಶಾಲೆಗೆ, ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ಎಷ್ಟು? ಇವನ್ನೆಲ್ಲ ಕೂಡಿಸಿ, ದಿನಕ್ಕೆ ಎಷ್ಟು ಹೊತ್ತು ನೀವು ದಾರಿಯಲ್ಲಿಯೇ ಕಳೆಯುತ್ತೀರಿ ಎಂದು ಲೆಕ್ಕ ಹಾಕಿ. ನಿಮ್ಮ ಮನೆಗೆ ಪಾತ್ರೆ ತೊಳೆಯಲು ಬರುವ ಹೆಂಗಸು ಇದ್ದರೆ ಆಕೆಯ ಲೆಕ್ಕವನ್ನೂ ಕೇಳಿ. ನಿಮ್ಮ ಲೆಕ್ಕಕ್ಕಿಂತ ಆಕೆಯದು ದೊಡ್ಡದಾಗಿರುವುದೇ ಹೆಚ್ಚು.

ಮನೆ ಎಂದರೆ ನಾವು ಗೋಡೆ, ಸೂರು, ಅಡುಗೆ ಕೋಣೆ ಎಂದು ಯೋಚಿಸುತ್ತೇವೆ. ಮನೆ ಎಲ್ಲಿದೆ ಎಂಬುದನ್ನು ಅಷ್ಟಾಗಿ ಯೋಚಿಸುವುದಿಲ್ಲ. ಬಡವರ ಮಟ್ಟಿಗೆ ಈ ಎರಡನೆಯ ಪ್ರಶ್ನೆಯೇ ಮೊದಲನೆಯದು. ಊರಿನಿಂದ ದೂರದಲ್ಲಿ ಮನೆ ಕೊಟ್ಟರೆ ಆ ದೂರವನ್ನು ಯಾರಾದರೂ ದಿನವೂ ತುಂಬಬೇಕಲ್ಲ? ಅದನ್ನು ತುಂಬುವವಳು ಹೆಚ್ಚಾಗಿ ಆ ಮನೆಯ ಹೆಣ್ಣುಮಗಳು. ಅದಕ್ಕೆ ಕೂಲಿಯಿಲ್ಲ, ಲೆಕ್ಕವಿಲ್ಲ, ಯಾವ ಸರಕಾರಿ ಕಡತದಲ್ಲಿಯೂ ಅದು ದಾಖಲಾಗುವುದಿಲ್ಲ.

ಮಾದಿಹಳ್ಳಿಯ ಕಡೆಯಿಂದ

ಹಾಸನ ಜಿಲ್ಲೆಯ ಬೇಲೂರು ತಾಲೂಕು ಒಂದೇ ತಾಲೂಕಾದರೂ ಎರಡು ಸೀಮೆಗಳಿದ್ದಂತೆ. ಅರೇಹಳ್ಳಿ, ಬಿಕ್ಕೋಡು ಕಡೆಗೆ ಹೋದರೆ ಮಲೆನಾಡು. ಕಾಫಿ, ಮೆಣಸು, ಏಲಕ್ಕಿಯ ತೋಟಗಳು. ಹಳೇಬೀಡು, ಮಾದಿಹಳ್ಳಿ ಹೋಬಳಿಗಳ ಕಡೆಗೆ ಬಂದರೆ ಬಯಲು. ಮಳೆಯನ್ನೂ ಕೆರೆಯನ್ನೂ ನಂಬಿದ ಬೇಸಾಯ. ಈ ಎರಡು ಹೋಬಳಿಗಳ ಕೆರೆಗಳಿಗೆ ರಣಘಟ್ಟ ಯೋಜನೆಯ ನೀರು ಹರಿಸಬೇಕೆಂದು ಇಲ್ಲಿನ ರೈತರು ವರ್ಷಗಟ್ಟಲೆ ಹೋರಾಡಿದ್ದನ್ನು ಜಿಲ್ಲೆಯವರೆಲ್ಲ ಬಲ್ಲರು. ಕೆರೆ ಬತ್ತಿದರೆ ಹೊಲದಲ್ಲಿ ಕೆಲಸವಿಲ್ಲ. ಆಗ ಕೆಲಸವನ್ನು ಹುಡುಕಿಕೊಂಡು ಕಾಲು ಹೊರಡಲೇಬೇಕು.

ಕಾಫಿ ಹಣ್ಣಾಗುವ ಕಾಲಕ್ಕೆ, ನವೆಂಬರಿನಿಂದ ಫೆಬ್ರವರಿಯವರೆಗೆ, ಬಯಲಿನ ಊರುಗಳಿಂದ ಕೂಲಿಯವರನ್ನು ತುಂಬಿಕೊಂಡ ವಾಹನಗಳು ಮಸುಕಿನಲ್ಲಿಯೇ ಮಲೆನಾಡಿನ ಕಡೆ ಹೊರಡುತ್ತವೆ. ಅವುಗಳಲ್ಲಿ ಹೆಂಗಸರೇ ಹೆಚ್ಚು. ವಾಹನ ಬಂದು ನಿಲ್ಲುವ ಜಾಗಕ್ಕೆ ನಡೆದುಬರಬೇಕು. ಅದಕ್ಕೂ ಮೊದಲು ಅಡುಗೆ, ಮಕ್ಕಳ ಬುತ್ತಿ, ದನದ ಕೊಟ್ಟಿಗೆ ಎಲ್ಲ ಮುಗಿದಿರಬೇಕು. ಇನ್ನು ಕೆಲವರು ಹಾಸನದ ಹೊರವಲಯದ ಜವಳಿ ಕಾರ್ಖಾನೆಗಳಿಗೆ ಹೋಗುತ್ತಾರೆ. ಕೆಲವರು ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರು ಸೇರುತ್ತಾರೆ.

ನಾನು ಪಾಠ ಹೇಳುವ ಹೆಣ್ಣುಮಕ್ಕಳ ತಾಯಂದಿರನ್ನು, ಏಳನೆಯ ತರಗತಿಯ ಬಳಿಕ ಮಗಳನ್ನು ಮುಂದೆ ಓದಿಸುತ್ತೀರಾ ಎಂದು ಪ್ರತಿ ವರ್ಷ ಕೇಳುತ್ತೇನೆ. "ಹಜ್ರತ್, ಓದು ಬೇಡ ಅಂತ ಅಲ್ಲ. ದಾರಿಯದ್ದೇ ಯೋಚನೆ" ಎಂಬುದು ಅವರಲ್ಲಿ ಹಲವರ ಉತ್ತರ. ನಮ್ಮ ಸಮುದಾಯದ ಹುಡುಗಿಯರು ಓದು ಬಿಡುವುದಕ್ಕೆ ಹೊರಗಿನವರು ಏನೇನೋ ಕಾರಣ ಹೇಳುತ್ತಾರೆ. ನಾವು ಕೂಡ ವೇದಿಕೆಗಳಲ್ಲಿ ಭಾಷಣ ಮಾಡುತ್ತೇವೆ. ಆ ತಾಯಿ ಹೇಳುವುದು ಮೂರು ಕಿಲೋಮೀಟರಿನ ಒಂದು ನಿರ್ಜನ ರಸ್ತೆಯ ಬಗ್ಗೆ. ಸಂಜೆ ಐದರ ಬಸ್ಸು ತಪ್ಪಿದರೆ ಮಗಳು ಕತ್ತಲೆಯಲ್ಲಿ ನಡೆದು ಬರಬೇಕಾಗುತ್ತದಲ್ಲ ಎಂಬುದು ಆಕೆಯ ಚಿಂತೆ. ಶಿಕ್ಷಣದ ಹಕ್ಕಿನ ನಿಯಮವೇ ಆರರಿಂದ ಎಂಟನೆಯ ತರಗತಿಯ ಮಕ್ಕಳಿಗೆ ಮೂರು ಕಿಲೋಮೀಟರ್ ಒಳಗೆ ಶಾಲೆಯಿದ್ದರೆ ಸಾಕೆನ್ನುತ್ತದೆ. ಅಂದರೆ ಹನ್ನೆರಡು ವರ್ಷದ ಹುಡುಗಿ ದಿನಕ್ಕೆ ಆರು ಕಿಲೋಮೀಟರ್ ನಡೆಯಬಲ್ಲಳು ಎಂದು ನಿಯಮ ಮಾಡಿದವರು ಒಪ್ಪಿಕೊಂಡಂತಾಯಿತು. ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ನಮ್ಮ ರಾಜ್ಯದಲ್ಲಿ 2006-07ರಲ್ಲಿ ಆರಂಭವಾಗಿತ್ತು. ಹಳ್ಳಿಯ ರಸ್ತೆಗಳಲ್ಲಿ ಗುಂಪು ಗುಂಪಾಗಿ ಹುಡುಗಿಯರು ಸೈಕಲ್ ತುಳಿಯುವ ನೋಟವನ್ನು ನಾವೆಲ್ಲ ಕಂಡಿದ್ದೇವೆ. 2020ರಲ್ಲಿ ಕೊರೋನಾ ಬಂದ ಬಳಿಕ ಅದರ ವಿತರಣೆ ನಿಂತುಹೋಯಿತು.

ಹಾಜಿರಾರ ನಡಿಗೆ, ಅಸ್ಮಾರ ಹೊರೆ

ಹೆಣ್ಣು ನಡೆಯುವುದೆಂದರೆ ನಮ್ಮಲ್ಲಿ ಕೆಲವರಿಗೆ ಇರುಸುಮುರುಸು. ದುಡಿಮೆಗಾಗಿ ಹೊರಗೆ ಹೋಗುವವಳ ಬಗ್ಗೆ ಮಾತು ಹಗುರವಾಗಿಯೇ ಬರುತ್ತದೆ. ಅಂಥವರು ಒಂದು ವಿಷಯವನ್ನು ಯೋಚಿಸಬೇಕು. ಹಜ್ಜ್ ಮತ್ತು ಉಮ್ರಾದಲ್ಲಿ ಸಫಾ-ಮರ್ವಾ ಬೆಟ್ಟಗಳ ನಡುವೆ ಏಳು ಬಾರಿ ನಡೆಯುತ್ತೇವಲ್ಲ, ಅದು ಯಾರ ನೆನಪು? ಮಗುವಿಗೆ ನೀರು ಹುಡುಕುತ್ತಾ ಒಂಟಿಯಾಗಿ ಓಡಾಡಿದ ಒಬ್ಬ ತಾಯಿಯ ನೆನಪು. ಹಾಜಿರಾ(ಅ)ರ ಆ ಹೆಜ್ಜೆಗಳನ್ನು ಅಲ್ಲಾಹನು ಆರಾಧನೆಯನ್ನಾಗಿ ಮಾಡಿದನು. ಅರಸನಿರಲಿ, ಪಂಡಿತನಿರಲಿ, ಕೋಟ್ಯಧಿಪತಿಯಿರಲಿ, ಹಜ್ಜ್‌ಗೆ ಹೋದವನು ಆ ತಾಯಿಯ ಹಾದಿಯಲ್ಲಿಯೇ ನಡೆಯಬೇಕು. ಏಳು ಸುತ್ತು ಸೇರಿದರೆ ಅದೂ ಮೂರು ಕಿಲೋಮೀಟರಿಗೆ ಮೇಲಾಗುತ್ತದೆ. ಮನೆಗೆ ನೀರು ಹೊರುವ ಹೆಣ್ಣಿನ ನಡಿಗೆಯನ್ನು ಇದಕ್ಕಿಂತ ಹೆಚ್ಚು ಗೌರವಿಸಿದ ಇನ್ನೊಂದು ನಿದರ್ಶನ ನನಗೆ ಗೊತ್ತಿಲ್ಲ.

ಇನ್ನೊಂದು ಘಟನೆ ಹದೀಸ್ ಗ್ರಂಥಗಳಲ್ಲಿದೆ. ಹಝ್ರತ್ ಅಬೂಬಕರ್(ರ)ರ ಮಗಳು ಅಸ್ಮಾ(ರ)ರಿಗೆ ಮದೀನಾದಲ್ಲಿ ಬಡತನದ ಸಂಸಾರ. ಪತಿ ಝುಬೈರ್(ರ)ರಿಗೆ ದೊರೆತಿದ್ದ ಜಮೀನು ಮನೆಯಿಂದ ಮೂರು ಕಿಲೋಮೀಟರಿನಷ್ಟು ದೂರ. ಅಲ್ಲಿಂದ ಅವರು ಖರ್ಜೂರದ ಬೀಜಗಳನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದರು. ಹಾಗೆ ಬರುತ್ತಿದ್ದಾಗ ಒಮ್ಮೆ ಪ್ರವಾದಿ(ಸ)ರು ದಾರಿಯಲ್ಲಿ ಅವರನ್ನು ಕಂಡರು. ಇಲ್ಲೇಕೆ ಬಂದೆ ಎಂದು ಗದರಲಿಲ್ಲ. ತಮ್ಮ ಒಂಟೆಯನ್ನು ಕೂರಿಸಿ, ಹತ್ತಿಕೊಳ್ಳುವಂತೆ ಸೂಚಿಸಿದರು. ಸಂಕೋಚದಿಂದ ಅಸ್ಮಾ(ರ) ಹತ್ತಲಿಲ್ಲ ಎಂಬುದು ಬೇರೆ ಮಾತು. ಭಾರ ಹೊತ್ತು ನಡೆಯುವ ಹೆಣ್ಣನ್ನು ಕಂಡಾಗ ಆ ಕರುಣಾಮಯಿಯ ಮನಸ್ಸಿಗೆ ಮೊದಲು ಹೊಳೆದದ್ದು ಆಕೆಯ ಭಾರವನ್ನು ಇಳಿಸುವ ದಾರಿ. ಆಳುವವರಿಗೂ ಸಮಾಜಕ್ಕೂ ಇದಕ್ಕಿಂತ ಒಳ್ಳೆಯ ಪಾಠ ಬೇಕೆ?

ಪೇಟೆಯಿಂದ ಕಾಲೊನಿಗೆ

ಮಾದಿಹಳ್ಳಿಯಿಂದಲೋ ಅರಸೀಕೆರೆಯಿಂದಲೋ ಹೊರಟವರು ಕೊನೆಗೆ ಹೋಗಿ ಸೇರುವುದು ಬೆಂಗಳೂರನ್ನೇ. ಆ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿದವರಿಗೆ ಕಾಣದ ಒಂದು ವಿಷಯ ಕಾಲ್ನಡಿಗೆಯಲ್ಲಿ ಹೋದವರಿಗೆ ಕಾಣುತ್ತದೆ. ಮೆಜೆಸ್ಟಿಕ್‌ನಲ್ಲಿ ಇಳಿದು ಹಳೆಯ ಪೇಟೆಯೊಳಗೆ ನಡೆಯಿರಿ. ಅಕ್ಕಿಪೇಟೆ, ಅರಳೆಪೇಟೆ, ಬಳೇಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ತರಗುಪೇಟೆ. ಕೇರಿಗಳ ಹೆಸರೇ ಕಸುಬನ್ನು ಹೇಳುತ್ತದೆ. ಕೆಳಗೆ ಅಂಗಡಿ, ಮೇಲೆ ಮನೆ. ಮುಂದೆ ಮಗ್ಗ, ಹಿಂದೆ ಅಡುಗೆ. ಮನೆಗೂ ದುಡಿಮೆಗೂ ನಡುವೆ ಒಂದು ಹೊಸ್ತಿಲಿನ ದೂರ ಮಾತ್ರ. ಇಕ್ಕಟ್ಟು ಇತ್ತು, ಜಾತಿಯ ಕಟ್ಟೂ ಇತ್ತು, ಅದನ್ನು ಮರೆಯಬಾರದು. ಆದರೆ ಕೆಲಸಕ್ಕಾಗಿ ಊರಾಚೆಯಿಂದ ಓಡಿಬರುವ ಪಾಡು ಇರಲಿಲ್ಲ. 1898ರಲ್ಲಿ ಪ್ಲೇಗ್ ಬಂದು ಪೇಟೆಯ ಇಕ್ಕಟ್ಟು ಸಾವಿನ ಮನೆಯಾದಾಗ ಅನುಕೂಲವಿದ್ದವರು ಬಸವನಗುಡಿ, ಮಲ್ಲೇಶ್ವರದಂತಹ ಹೊಸ ಬಡಾವಣೆಗಳಿಗೆ ಹೋದರು.

ಆ ಬಳಿಕ ದೊಡ್ಡ ಕಾರ್ಖಾನೆಗಳ ಕಾಲ. 1884ರಲ್ಲಿ ಸ್ಥಾಪನೆಯಾಗಿ ಜನರ ಬಾಯಲ್ಲಿ ಬಿನ್ನಿ ಮಿಲ್ ಎಂದೇ ಹೆಸರಾದ ಬಟ್ಟೆ ಗಿರಣಿಯ ಸುತ್ತ ಬಿನ್ನಿಪೇಟೆ ಬೆಳೆಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಈ ಸರಕಾರಿ ಕಾರ್ಖಾನೆಗಳಿಗೆ ಒಂದು ತಿಳಿವಳಿಕೆಯಿತ್ತು: ಕೆಲಸಗಾರನೆಂದರೆ ಎರಡು ಕೈ ಮಾತ್ರವಲ್ಲ, ಅವನ ಹಿಂದೆ ಒಂದು ಸಂಸಾರವಿದೆ. ದೂರವಾಣಿನಗರದಲ್ಲಿ, ಜಾಲಹಳ್ಳಿಯಲ್ಲಿ ಕಾಲೊನಿಗಳಾದವು. ಕಾಲೊನಿಯ ಒಳಗೇ ಶಾಲೆ, ಆಟದ ಮೈದಾನ, ಆಸ್ಪತ್ರೆ ಬಂದವು. ಎಲ್ಲರಿಗೂ ಮನೆ ಸಿಗಲಿಲ್ಲ, ನಿಜ. ಸಿಕ್ಕದವರನ್ನು ಕರೆತರಲು ಕಾರ್ಖಾನೆಯ ಬಸ್ಸುಗಳು ಊರೆಲ್ಲ ಓಡಾಡಿದವು. ಇದರ ಫಲ ಇನ್ನೊಂದು ರೀತಿಯಲ್ಲಿಯೂ ಕಂಡಿತು. ಒಂದೇ ಕಾಲೊನಿಯಲ್ಲಿ ಇದ್ದವರು, ಒಂದೇ ಬಸ್ಸಿನಲ್ಲಿ ಬಂದವರು ಒಟ್ಟಾಗಿ ನಿಲ್ಲಬಲ್ಲರು. 1980-81ರಲ್ಲಿ ಸಾರ್ವಜನಿಕ ಉದ್ದಿಮೆಗಳ ಕಾರ್ಮಿಕರು 77 ದಿನ ಮುಷ್ಕರ ನಡೆಸಿದರು. ನೆರೆಹೊರೆ ಗಟ್ಟಿಯಿರದಿದ್ದರೆ ಸಂಬಳವಿಲ್ಲದೆ ಎರಡೂವರೆ ತಿಂಗಳು ಸಂಸಾರ ನಡೆಸುವುದು ಸಾಧ್ಯವಾದೀತೆ? ಆ ಕಾಲೊನಿಗಳ ಗೃಹಿಣಿಯರು ಸಾಸಿವೆ ಡಬ್ಬಿಯ ಹಣದಿಂದ ಹೇಗೆ ಮನೆ ತೂಗಿಸಿದರೆಂಬುದನ್ನು ಬರೆದವರು ಕಡಿಮೆ.

ರಸ್ತೆಯೇ ಕಾಲೊನಿಯಾದಾಗ

ಬಳಿಕ ಬಂದದ್ದು ಗಾರ್ಮೆಂಟ್ಸ್. ಪೀಣ್ಯ, ಮೈಸೂರು ರಸ್ತೆ, ಹೊಸೂರು ರಸ್ತೆಯ ಉದ್ದಕ್ಕೂ ಸಿದ್ಧ ಉಡುಪಿನ ಕಾರ್ಖಾನೆಗಳೆದ್ದವು. ಇಲ್ಲಿ ಹೊಲಿಗೆ ಯಂತ್ರದ ಮುಂದೆ ಕುಳಿತವರಲ್ಲಿ ಹೆಚ್ಚಿನವರು ಹೆಂಗಸರು, ಹಳ್ಳಿಗಳಿಂದ ಬಂದವರು. ನಮ್ಮ ಸಮುದಾಯದ ಹೆಣ್ಣುಮಕ್ಕಳೂ ಅವರಲ್ಲಿದ್ದಾರೆ. ಈ ಉದ್ದಿಮೆ ಕೆಲಸ ಕೊಟ್ಟಿತು, ಮನೆ ಕೊಡಲಿಲ್ಲ. ಒಂದು ಕೋಣೆಯ ಶೀಟಿನ ಮನೆ, ನಾಲ್ಕಾರು ಸಂಸಾರಕ್ಕೆ ಒಂದು ಬಚ್ಚಲು, ತಿಂಗಳ ಬಾಡಿಗೆ, ಮೇಲೆ ಅಡ್ವಾನ್ಸ್. ಬಾಡಿಗೆ ಏರಿದಂತೆ ಮನೆ ಕಾರ್ಖಾನೆಯಿಂದ ದೂರ ಸರಿಯುತ್ತಾ ಹೋಗುತ್ತದೆ. ತಡವಾಗಿ ಬಂದರೆ ಸಂಬಳಕ್ಕೆ ಕತ್ತರಿ. ಆದ್ದರಿಂದ ಬೆಳಗಿನ ಏಳರಿಂದ ಎಂಟರವರೆಗೆ ಆ ರಸ್ತೆಗಳ ಬದಿಯಲ್ಲಿ ಊಟದ ಚೀಲ ಹಿಡಿದು ಬಿರಬಿರನೆ ನಡೆಯುವ ಹೆಣ್ಣುಮಕ್ಕಳ ಸಾಲು. ಫುಟ್‌ಪಾತ್ ಇದ್ದಲ್ಲಿ ಅದರ ಮೇಲೆ. ಇಲ್ಲದಲ್ಲಿ ಲಾರಿಗಳ ಪಕ್ಕದಲ್ಲಿ.

ಅವರಿಗೆ ಕಾಲೊನಿಯಿಲ್ಲ, ಸಭಾಭವನವಿಲ್ಲ. ಬಹುಪಾಲು ಜನರಿಗೆ ಸಂಘವೂ ಇಲ್ಲ. ಆದರೂ 2016ರ ಏಪ್ರಿಲ್‌ನಲ್ಲಿ ಅವರು ದೇಶವನ್ನೇ ಬೆರಗುಗೊಳಿಸಿದರು. ಆ ವರ್ಷದ ಫೆಬ್ರವರಿ 10ರಂದು ಕೇಂದ್ರ ಸರಕಾರವು ಭವಿಷ್ಯ ನಿಧಿಯ ಹೊಸ ನಿಯಮವೊಂದನ್ನು ಹೊರಡಿಸಿತ್ತು. ಅದರಂತೆ ಕೆಲಸ ಬಿಟ್ಟವರು ಮಾಲಕರ ಪಾಲಿನ ಪಿಎಫ್ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿರಲಿಲ್ಲ. ಕಚೇರಿಯಲ್ಲಿ ಕುಳಿತವರಿಗೆ ಅದು ವೃದ್ಧಾಪ್ಯದ ಭದ್ರತೆ. ಹೊಲಿಗೆಯವಳಿಗೆ ಅದು ಮನೆಯ ಅಡ್ವಾನ್ಸ್, ಮಗನ ಶಾಲಾ ಶುಲ್ಕ, ತಂಗಿಯ ಮದುವೆ. ಬೆನ್ನು, ಕಣ್ಣು ಸೋತು ನಲವತ್ತಕ್ಕೇ ಕೆಲಸ ಬಿಡುವವಳು ಐವತ್ತೆಂಟರವರೆಗೆ ಹೇಗೆ ಕಾದಾಳು? ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಯಂತ್ರಗಳನ್ನು ನಿಲ್ಲಿಸಿ ಹೊಸೂರು ರಸ್ತೆಗೆ, ತುಮಕೂರು ರಸ್ತೆಗೆ ಇಳಿದರು. ಕರೆ ಕೊಟ್ಟ ದೊಡ್ಡ ನಾಯಕರು ಯಾರೂ ಇರಲಿಲ್ಲ. ಕೆಲವೆಡೆ ಕಲ್ಲು ತೂರಾಟ, ಬೆಂಕಿ, ಲಾಠಿ ಪ್ರಹಾರವೂ ನಡೆಯಿತು. ಹಿಂಸೆಯನ್ನು ಯಾರೂ ಸಮರ್ಥಿಸಬೇಕಾಗಿಲ್ಲ. ಆದರೆ 19ರಂದೇ ಸರಕಾರವು ಆ ನಿಯಮವನ್ನು ಹಿಂದೆಗೆದುಕೊಂಡಿತು ಎಂಬುದು ಚರಿತ್ರೆ. ದಿನವೂ ಯಾವ ರಸ್ತೆಯಲ್ಲಿ ಮಾತಾಡಿಕೊಂಡು ನಡೆಯುತ್ತಿದ್ದರೋ ಆ ರಸ್ತೆಯಲ್ಲಿಯೇ ಅವರು ಒಂದಾದರು. ಇದ್ದವರಿಗೆ ಕಾಲೊನಿ, ಇಲ್ಲದವರಿಗೆ ರಸ್ತೆಯೇ ಕಾಲೊನಿ.

ಮರುವರ್ಷ, 2017ರ ಮಾರ್ಚ್‌ನಲ್ಲಿ, ರಾಜ್ಯದ ಹಳ್ಳಿ ಹಳ್ಳಿಗಳಿಂದ ಬಂದ ಅಂಗನವಾಡಿ ಕಾರ್ಯಕರ್ತೆಯರು ಮತ್ತು ಸಹಾಯಕಿಯರು ಬೆಂಗಳೂರಿನ ಫ್ರೀಡಂ ಪಾರ್ಕ್ ಬಳಿಯ ರಸ್ತೆಯಲ್ಲಿ ನಾಲ್ಕು ದಿನ ಹಗಲು ರಾತ್ರಿ ಕುಳಿತರು. ಗೌರವಧನ ಹೆಚ್ಚಿಸಿ ಎಂಬುದು ಅವರ ಬೇಡಿಕೆ. ಕೆಲವರ ಮಡಿಲಲ್ಲಿ ಹಸುಗೂಸುಗಳಿದ್ದವು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಅಲ್ಲಿಯೇ ಧರಣಿ ಕುಳಿತರು. ನಗರದ ಬೀದಿಗಳನ್ನು ಎಲ್ಲರಿಗಿಂತ ಮೊದಲು ತುಳಿಯುವವರು, ಪೊರಕೆ ಹಿಡಿದು ಅದರ ಅಂಗುಲ ಅಂಗುಲವನ್ನೂ ಬಲ್ಲವರು ಅವರು. ರಾಜಕೀಯವೆಂದರೆ ಚುನಾವಣೆ, ಪಕ್ಷ, ಗದ್ದಲ ಎಂದು ಮೂಗು ಮುರಿಯುವ ನಾವು ಇದನ್ನೂ ರಾಜಕೀಯವೆಂದೇ ತಿಳಿಯಬೇಕು. ಇದು ಅನ್ನದ, ಮನೆಯ, ದಾರಿಯ ರಾಜಕೀಯ.

ಊರಾಚೆಗೆ ಸರಿದ ಮನೆಗಳು

ಬಡವರಿಗೆ ಮನೆ ಕೊಟ್ಟೆವು ಎಂದು ಸರಕಾರಗಳು ಸಂಖ್ಯೆ ಹೇಳುತ್ತವೆ. ಎಲ್ಲಿ ಕೊಟ್ಟಿರಿ ಎಂದು ನಾವು ಕೇಳಬೇಕು. ಬೆಂಗಳೂರಿನ ಕೋರಮಂಗಲದ ಬಳಿ ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗಾಗಿ ಕಟ್ಟಿದ ವಸತಿ ಸಮುಚ್ಚಯವಿತ್ತು. ಅದು ಶಿಥಿಲವಾಗಿ ಕುಸಿದ ಬಳಿಕ ಜನರು ಅದೇ ಜಾಗದಲ್ಲಿ ತಗಡಿನ ಶೆಡ್ಡುಗಳಲ್ಲಿದ್ದರು. 2013ರ ಜನವರಿಯ ಚಳಿಯಲ್ಲಿ ಅವುಗಳನ್ನು ನೆಲಸಮಗೊಳಿಸಲಾಯಿತು. ಸಾವಿರಕ್ಕೂ ಹೆಚ್ಚು ಸಂಸಾರಗಳು ಬೀದಿಗೆ ಬಿದ್ದವು. ಅವರಲ್ಲಿ ದಲಿತರು, ಮುಸ್ಲಿಮರು, ಕ್ರೈಸ್ತರು ಎಲ್ಲರೂ ಇದ್ದರು. ಕೆಲವರನ್ನು ಸರ್ಜಾಪುರ ರಸ್ತೆಯ ಕಡೆಯ ಸೂಲಿಕುಂಟೆಗೆ ಕಳಿಸಲಾಯಿತು. ಅಲ್ಲಿ ಗೋಡೆಯೂ ಇತ್ತು, ಸೂರೂ ಇತ್ತು. ಆದರೆ ಕೋರಮಂಗಲದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದವಳ ಕೆಲಸ ಕೋರಮಂಗಲದಲ್ಲಿಯೇ ಉಳಿಯಿತು. ನಡೆದು ಹೋಗುತ್ತಿದ್ದವಳು ಬಸ್ಸುಗಳನ್ನು ಬದಲಿಸಿ ಹೋಗಬೇಕಾಯಿತು. ಇಲ್ಲವೇ ಕೆಲಸ ಬಿಡಬೇಕಾಯಿತು.

ಕೊಡಗಿನ ದಿಡ್ಡಳ್ಳಿಯ ಕಥೆಯೂ ಇಂಥದ್ದೇ. ಕಾಫಿ ತೋಟಗಳ ಲೈನ್ ಮನೆಗಳಲ್ಲಿ ತಲೆಮಾರುಗಳಿಂದ ಇದ್ದ ಆದಿವಾಸಿಗಳು ಸ್ವಂತ ನೆಲ ಬೇಕೆಂದು ಅಲ್ಲಿ ಗುಡಿಸಲು ಹಾಕಿಕೊಂಡಿದ್ದರು. 2016ರ ಡಿಸೆಂಬರ್‌ನಲ್ಲಿ ಐನೂರಕ್ಕೂ ಹೆಚ್ಚು ಗುಡಿಸಲುಗಳನ್ನು ಕೆಡವಲಾಯಿತು. ಜೆ.ಕೆ. ಮುತ್ತಮ್ಮ ಎಂಬ ಆದಿವಾಸಿ ಮಹಿಳೆ ಆ ಹೋರಾಟದ ಮುಖವಾದರು. ಕೊನೆಗೆ ಕುಶಾಲನಗರದ ಕಡೆಯ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟರು. ಮನೆ ಸಿಕ್ಕಿತು, ಆದರೆ ಅವರು ಬಲ್ಲ ಕಾಡು, ಅವರು ದುಡಿಯುತ್ತಿದ್ದ ತೋಟಗಳು ಹಿಂದೆಯೇ ಉಳಿದವು.

ಲೈನ್ ಮನೆಯೆಂದರೆ ನಮ್ಮ ಬೇಲೂರು, ಸಕಲೇಶಪುರದವರಿಗೆ ವಿವರಿಸಬೇಕಾಗಿಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆಯು ತೋಟದಲ್ಲಿಯೇ ವಾಸಿಸುವ ಕಾರ್ಮಿಕರಿಗೆ ಮಾಲಕನು ವಸತಿ ಒದಗಿಸಬೇಕೆಂದು ವಿಧಿಸಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯಲ್ಲಿ ಆ ಕಾಯ್ದೆ ಸೇರಿಹೋಯಿತು. ವಸತಿಯ ಹೊಣೆ ಅದರಲ್ಲಿಯೂ ಇದೆ. ಆದರೆ ಲೈನ್ ಮನೆ ಕೆಲಸಕ್ಕೆ ಕಟ್ಟಿದ ಮನೆ. ಕೆಲಸ ಇರುವವರೆಗೆ ಮನೆ. ಕೈಲಾಗದ ಮೇಲೆ ಮನೆಯೂ ಇಲ್ಲ. ಮೂವತ್ತು ವರ್ಷ ಅದೇ ಒಲೆಗೆ ಸೌದೆ ಹಾಕಿದವಳು ಮುಪ್ಪಿನಲ್ಲಿ ಗಂಟುಮೂಟೆ ಕಟ್ಟಬೇಕು. ಇಲ್ಲಿ ಮನೆಗೂ ದುಡಿಮೆಗೂ ದೂರವಿಲ್ಲ, ನಿಜ. ಮನೆ ಮಾತ್ರ ನಮ್ಮದಲ್ಲ. ಅಲ್ಲಿ ಮನೆ ನಮ್ಮದು, ದುಡಿಮೆ ದೂರ. ಬಡವರು ಈ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕೆಂಬುದು ಯಾವ ನ್ಯಾಯ?

2020ರ ಲಾಕ್‌ಡೌನ್ ಈ ಪ್ರಶ್ನೆಯನ್ನು ಎಲ್ಲರ ಕಣ್ಣ ಮುಂದೆ ತಂದಿತು. ಕೆಲಸ ನಿಂತ ದಿನವೇ ವಸತಿಯೂ ಹೋಯಿತು. ಲಕ್ಷಾಂತರ ಜನರು ಹೆದ್ದಾರಿಗಳಲ್ಲಿ ನಡೆದು ಹೊರಟರು. ಮೇ ತಿಂಗಳ ಆರಂಭದಲ್ಲಿ ನಮ್ಮ ರಾಜ್ಯ ಸರಕಾರವು ಕಟ್ಟಡ ನಿರ್ಮಾಣ ಉದ್ಯಮಿಗಳ ಜೊತೆಗಿನ ಸಭೆಯ ಬಳಿಕ ಕಾರ್ಮಿಕರ ವಿಶೇಷ ರೈಲುಗಳನ್ನು ರದ್ದು ಮಾಡಿ, ಟೀಕೆ ಬಂದ ಮೇಲೆ ಕೆಲವೇ ದಿನಗಳಲ್ಲಿ ಮತ್ತೆ ಬಿಟ್ಟಿತು. ಕಟ್ಟಡಗಳನ್ನು ಕಟ್ಟಿದವರಿಗೆ ಇರಲು ಕಟ್ಟಡವಿಲ್ಲ, ಹೋಗಲು ಗಾಡಿಯಿಲ್ಲ.

ಕಲ್ಲು ಹೊತ್ತವರ ಹೆಸರು

ಬೇಲೂರು, ಹಳೇಬೀಡಿಗೆ ಪ್ರವಾಸ ಬರುವವರಿಗೆ ಒಂದು ಮಾತು. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ದೇವಾಲಯದ ಶಿಲ್ಪಗಳ ಕೆಳಗೆ ಶಿಲ್ಪಿಗಳ ಹೆಸರುಗಳಿವೆ; ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ. ಕೆಲಸಗಾರನ ಹೆಸರನ್ನು ಕಲ್ಲಿನಲ್ಲಿ ಉಳಿಸಿದ್ದು ದೊಡ್ಡ ಗುಣ. 2023ರಲ್ಲಿ ಯುನೆಸ್ಕೊ ಈ ಹೊಯ್ಸಳ ದೇವಾಲಯಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಭೂಮಿಯಲ್ಲಿ ಸಂಚರಿಸಿ, ಹಿಂದಿನವರು ಏನಾದರೆಂದು ನೋಡಿ ಪಾಠ ಕಲಿಯಿರಿ ಎಂಬುದು ಕುರ್‌ಆನ್ ಹಲವು ಕಡೆ ನೀಡುವ ಬೋಧನೆ. ಒಂದು ಕಾಲದ ರಾಜಧಾನಿ ದ್ವಾರಸಮುದ್ರ ಇಂದು ಹಳೇಬೀಡು ಎಂಬ ಸಣ್ಣ ಊರು. ಅರಮನೆ ಉಳಿಯಲಿಲ್ಲ, ಕೆರೆ ಉಳಿದಿದೆ. ಕೆತ್ತಿದವರ ಕೆಲವು ಹೆಸರು ಉಳಿದಿವೆ. ಕಲ್ಲು ಹೊತ್ತವರ, ಕೆರೆಯ ಮಣ್ಣು ಹೊತ್ತ ಹೆಂಗಸರ ಹೆಸರು ಉಳಿದಿಲ್ಲ. ಇಂದಿನ ಕಟ್ಟಡಗಳ ಫಲಕಗಳಲ್ಲಿಯೂ ಉದ್ಘಾಟಿಸಿದವರ ಹೆಸರೇ ಇರುತ್ತದೆ.

ಬಸ್ಸು ಬಂತು, ದಾರಿ ಉಳಿಯಿತು

2023ರ ಜೂನ್ 11ರಂದು 'ಶಕ್ತಿ' ಯೋಜನೆ ಜಾರಿಗೆ ಬಂದು, ರಾಜ್ಯದ ಹೆಂಗಸರಿಗೆ ಸರಕಾರಿ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. 2025ರ ಜುಲೈ ವೇಳೆಗೆ ಇಂತಹ ಪ್ರಯಾಣಗಳ ಸಂಖ್ಯೆ 500 ಕೋಟಿ ದಾಟಿತು. ಹೆಂಗಸರು ಸುಮ್ಮನೆ ಸುತ್ತುತ್ತಾರೆ ಎಂದು ಗೇಲಿ ಮಾಡುವವರಿದ್ದಾರೆ. ಆ ಬಸ್ಸುಗಳಲ್ಲಿ ಬೆಳಗಿನ ಹೊತ್ತು ಹತ್ತಿ ನೋಡಿ. ಕೂಲಿಗೆ, ಕಾಲೇಜಿಗೆ, ಜಿಲ್ಲಾಸ್ಪತ್ರೆಗೆ, ತವರಿನಲ್ಲಿ ಹಾಸಿಗೆ ಹಿಡಿದ ತಾಯಿಯನ್ನು ನೋಡಲು ಹೋಗುವವರೇ ಹೆಚ್ಚು. ಇನ್ನು ಕೆಲವರು ಸುಮ್ಮನೆ ಊರು ನೋಡಲು ಹೋದರೆಂದೇ ಇಟ್ಟುಕೊಳ್ಳಿ. ಮದುವೆಯಾದ ಮೇಲೆ ಪಕ್ಕದ ತಾಲೂಕನ್ನೂ ನೋಡದವಳು ಒಂದು ದಿನ ಮಕ್ಕಳೊಂದಿಗೆ ಊರು ನೋಡಿ ಬಂದರೆ ಯಾರಿಗೆ ನಷ್ಟ?

ಆದರೆ ಒಂದು ಮಾತು. ಟಿಕೇಟು ಉಚಿತವಾದ ಮಾತ್ರಕ್ಕೆ ಬಸ್ಸು ಊರೊಳಗೆ ಬಂದಂತಾಗಲಿಲ್ಲ. ಮುಖ್ಯರಸ್ತೆಯಿಂದ ಒಳಗಿರುವ ಹಳ್ಳಿಯವಳು ಬಸ್ಸಿಗಾಗಿ ನಡೆಯುವುದು ತಪ್ಪಲಿಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸಿರುವ ಊರಿನಲ್ಲಿ ತುಂಬಿ ತುಳುಕುವ ಬಸ್ಸು ನಿಲ್ಲಿಸದೆ ಹೋದರೆ ಉಚಿತ ಟಿಕೇಟಿನಿಂದ ಏನು ಫಲ? ನಮ್ಮ ಬೇಡಿಕೆ ಮುಂದಿನ ಹೆಜ್ಜೆಗೆ ಹೋಗಬೇಕು: ಶಾಲೆಯ ಹೊತ್ತಿಗೆ ಬಸ್ಸು, ರಸ್ತೆಗೆ ದೀಪ, ನಿಲ್ದಾಣಕ್ಕೆ ನೆರಳು.

ದಾರಿಗೂ ಹಕ್ಕಿದೆ

ದಾರಿಗೆ ಹಕ್ಕುಗಳಿವೆ ಎಂದು ಕಲಿಸಿದ ಧರ್ಮ ನಮ್ಮದು. ರಸ್ತೆ ಬದಿ ಕೂರುವವರು ದೃಷ್ಟಿ ತಗ್ಗಿಸಬೇಕು, ಯಾರಿಗೂ ತೊಂದರೆ ಕೊಡಬಾರದು, ಸಲಾಮಿಗೆ ಉತ್ತರಿಸಬೇಕು, ಒಳಿತನ್ನು ಹೇಳಿ ಕೆಡುಕನ್ನು ತಡೆಯಬೇಕು ಎಂದು ಪ್ರವಾದಿ(ಸ)ರು ಬೋಧಿಸಿದರು. ದಾರಿಯಲ್ಲಿ ಬಿದ್ದ ಮುಳ್ಳನ್ನು ಸರಿಸುವುದನ್ನೂ ವಿಶ್ವಾಸದ ಭಾಗವೆಂದರು. ಹಾಗಾದರೆ ನಮ್ಮ ಮೊಹಲ್ಲಾದ ಮೂಲೆಯಲ್ಲಿ ಹುಡುಗರು ಗುಂಪು ಕಟ್ಟಿ ಕುಳಿತು ಹೆಣ್ಣುಮಕ್ಕಳು ಬೇರೆ ದಾರಿ ಹಿಡಿಯುವಂತೆ ಮಾಡಿದರೆ ಅದೂ ಮುಳ್ಳೇ. ಆ ಮುಳ್ಳನ್ನು ತೆಗೆಯಬೇಕಾದವರು ಆ ಹುಡುಗರ ತಾಯಂದಿರು. ಮಗಳನ್ನು ಮನೆಯಲ್ಲಿ ಕೂರಿಸುವ ಮೊದಲು ಮಗನಿಗೆ ದಾರಿಯ ಹಕ್ಕನ್ನು ಕಲಿಸಿ.

ಹಝ್ರತ್ ಉಮರ್(ರ)ರು ರಾತ್ರಿ ಹೊತ್ತು ಮದೀನಾದಲ್ಲಿ ನಡೆದು ಪ್ರಜೆಗಳ ಪಾಡನ್ನು ನೋಡುತ್ತಿದ್ದುದು ನಿಮಗೆ ಗೊತ್ತು. ಹಸಿದ ಮಕ್ಕಳನ್ನು ಸಮಾಧಾನಪಡಿಸಲು ಬರೀ ನೀರಿಟ್ಟು ಒಲೆ ಉರಿಸುತ್ತಿದ್ದ ತಾಯಿಯನ್ನು ಅವರು ಕಂಡದ್ದು ಹಾಗೆ ನಡೆದದ್ದರಿಂದಲೇ. ಹಿಟ್ಟಿನ ಮೂಟೆಯನ್ನು ಸೇವಕನಿಗೆ ಕೊಡದೆ ತಮ್ಮ ಬೆನ್ನ ಮೇಲೆಯೇ ಹೊತ್ತರು. ನಕ್ಷೆಯ ಮೇಲೆ ಬಡಾವಣೆ ಗುರುತು ಮಾಡುವ ಅಧಿಕಾರಿ ಒಂದು ದಿನ ತಲೆಯ ಮೇಲೆ ಕೊಡವಿಟ್ಟುಕೊಂಡು ಆ ದಾರಿಯಲ್ಲಿ ನಡೆದರೆ ಎಷ್ಟೋ ನಿವೇಶನಗಳ ಜಾಗ ಬದಲಾದೀತು.

ನಾವು ಮಾಡಬಹುದಾದದ್ದು

ಮೊದಲನೆಯದಾಗಿ, ಮನೆಯೊಳಗಿನ ಮಾತು. ಕೆಲಸದವಳಿಗೆ ಸಂಬಳ ಹೇಳುವಾಗ ಆಕೆ ಬರುವ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಳೆಯಲ್ಲಿ ತಡವಾದರೆ ಗದರಬೇಡಿ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬ ಬೋಧನೆ ಕಾರ್ಖಾನೆಯ ಮಾಲಕರಿಗೆ ಮಾತ್ರವಲ್ಲ, ನಮಗೂ ಅನ್ವಯಿಸುತ್ತದೆ. ಬೀಡಿ ಕಟ್ಟುವ ಸಹೋದರಿಯರಿಗೂ ಒಂದು ಮಾತು: ಮನೆಯಲ್ಲಿ ಕುಳಿತು ಮಾಡಿದರೂ ಅದು ದುಡಿಮೆಯೇ. ಎಲೆ, ಹೊಗೆಸೊಪ್ಪು ತರಲು ಬ್ರಾಂಚಿಗೆ ನಡೆಯುವ ಹೊತ್ತೂ ದುಡಿಮೆಯೇ. 1966ರ ಕಾಯ್ದೆಯ ಕಾಲದಿಂದ ಕಾನೂನು ನಿಮ್ಮನ್ನು ಕಾರ್ಮಿಕರೆಂದು ಗುರುತಿಸಿದೆ. ಪುಸ್ತಕ, ಪಿಎಫ್ ಸಂಖ್ಯೆ, ಗುರುತಿನ ಚೀಟಿ ಇವುಗಳನ್ನು ಜೋಪಾನವಾಗಿಡಿ.

ಎರಡನೆಯದಾಗಿ, ಊರಿನ ಮಾತು. ಸರಕಾರಿ ಮನೆ, ನಿವೇಶನದ ಫಲಾನುಭವಿಗಳನ್ನು ಆರಿಸುವುದು ಗ್ರಾಮಸಭೆಯಲ್ಲಿ. ನಮ್ಮ ರಾಜ್ಯದ ಪಂಚಾಯತ್‌ಗಳಲ್ಲಿ ಅರ್ಧದಷ್ಟು ಸ್ಥಾನ ಹೆಂಗಸರಿಗೆ ಮೀಸಲಾಗಿದೆ. ಬಸವ ವಸತಿಯಂತಹ ಯೋಜನೆಗಳಲ್ಲಿ ಮನೆಯನ್ನು ಹೆಂಗಸಿನ ಹೆಸರಿಗೇ ಕೊಡುತ್ತಾರೆ. ಆದರೂ ಗ್ರಾಮಸಭೆಗೆ ಹೋಗುವವರು ಗಂಡಸರು. ನಮ್ಮ ಮನೆಯ ಹೆಂಗಸರು ಹಕ್ಕುಪತ್ರಕ್ಕೆ ಹೆಬ್ಬೆಟ್ಟು ಒತ್ತಲು ಮಾತ್ರ ಹೋಗುತ್ತಾರೆ. ಇದು ಬದಲಾಗಲಿ. ನಾಲ್ಕು ಮಂದಿ ಸೇರಿ ಒಟ್ಟಿಗೆ ನಡೆದು ಹೋಗಿ. ಮುಸ್ಲಿಮರಷ್ಟೇ ಅಲ್ಲ, ಪಕ್ಕದ ಕೇರಿಯ ಅಕ್ಕಂದಿರನ್ನೂ ಕರೆದುಕೊಳ್ಳಿ. ನೀರಿನ ದಾರಿಗೆ ಜಾತಿಯಿಲ್ಲ. ಸಭೆಯಲ್ಲಿ ದೊಡ್ಡ ಭಾಷಣ ಬೇಡ. ನಾಲ್ಕು ಪ್ರಶ್ನೆ ಸಾಕು. ಈ ನಿವೇಶನಗಳಿಂದ ಬಸ್ ನಿಲ್ದಾಣಕ್ಕೆ ಎಷ್ಟು ದೂರ? ಶಾಲೆಗೆ ಎಷ್ಟು ದೂರ? ನೀರು ಎಲ್ಲಿಂದ ಬರುತ್ತದೆ? ರಾತ್ರಿ ದಾರಿಯಲ್ಲಿ ದೀಪ ಉರಿಯುತ್ತದೆಯೇ?

ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ. ಮುಂದಿನ ವರ್ಷ ಏಳನೆಯ ತರಗತಿ ಮುಗಿಸುವ ಹುಡುಗಿಯೊಬ್ಬಳು ನಿಮ್ಮ ಮೊಹಲ್ಲಾದಲ್ಲಿಯೂ ಇದ್ದಾಳೆ. ಆಕೆ ಎಂಟನೆಯ ತರಗತಿಗೆ ಹೋಗುತ್ತಾಳೋ ಇಲ್ಲವೋ ಎಂಬುದು ಆ ನಾಲ್ಕು ಉತ್ತರಗಳ ಮೇಲೆ ನಿಂತಿದೆ.